ಪಾಳು ಕೋಟೆಯೋ, ಬೆಳಕಿನ ಚಿತ್ರವೋ? ಲೆ ಬೋಗೆ ಹೊರಟವರಿಗೆ

ಪ್ರಶ್ನೆ: ನಾವು ಬೆಳಗಾವಿಯವರು. ಮಗ ಫ್ರಾನ್ಸಿನ ಲಿಯಾನ್‌ನಲ್ಲಿ ಕೆಲಸದಲ್ಲಿದ್ದಾನೆ. ಬರುವ ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗುತ್ತಿದ್ದೇವೆ. ದಕ್ಷಿಣದ ಪ್ರೊವಾನ್ಸ್ ಸೀಮೆಯಲ್ಲಿ ಲೆ ಬೋ ಅನ್ನುವ ಬೆಟ್ಟದ ಮೇಲಿನ ಹಳ್ಳಿ ಇದೆ, ಅದನ್ನು ತೋರಿಸುತ್ತೇನೆ ಅಂತಾನೆ. ಅಲ್ಲೊಂದು ಪಾಳು ಕೋಟೆ. ಅದರ ಹತ್ತಿರ ಹಳೇ ಕಲ್ಲಿನ ಗಣಿಯೊಳಗೆ ಚಿತ್ರಗಳನ್ನು ಬೆಳಕಿನಲ್ಲಿ ಗೋಡೆ ತುಂಬಾ ತೋರಿಸುತ್ತಾರಂತೆ. ‘ಕೋಟೆಯಲ್ಲಿ ಬಿದ್ದ ಗೋಡೆ ಬಿಟ್ಟರೆ ಏನಿಲ್ಲ, ಗಣಿ ನೋಡಿಕೊಂಡು ಬಂದುಬಿಡೋಣ’ ಅನ್ನುವುದು ಅವನ ಲೆಕ್ಕ. ಚಿತ್ರದುರ್ಗ, ಹಂಪಿ ನೋಡಿದ ನಮಗೆ ಆ ಕೋಟೆ ದಂಡವೇ? ನನ್ನಾಕೆಗೆ ಮಂಡಿ ನೋವಿದೆ. ನಾವು ಸಸ್ಯಾಹಾರಿಗಳು. ಒಂದು ದಿನ ಸಾಕಾಗುತ್ತದೆಯೇ?

ಉತ್ತರ: ಒಂದು ದಿನ ಸಾಕು. ಆದರೆ ಕೋಟೆಯನ್ನು ಬಿಡಬೇಡಿ. ಬಿಡುವುದಾದರೆ ಬೇರೆ ಏನನ್ನಾದರೂ ಬಿಡಿ.

ನಿಮ್ಮ ಮಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಕೋಟೆಯಲ್ಲಿ ಬಿದ್ದ ಗೋಡೆಗಳೇ ಇರುವುದು. ಹಂಪಿಯಂಥ ಮಂಟಪ, ಕೆತ್ತಿದ ಕಂಬ, ಬಜಾರು ಯಾವುದನ್ನೂ ಅಲ್ಲಿ ಹುಡುಕಬೇಡಿ. ಆದರೂ ಹೋಗಿ ಅನ್ನುತ್ತಿದ್ದೇನೆ. ಯಾಕೆಂದರೆ ಲೆ ಬೋದಲ್ಲಿ ನೋಡಬೇಕಾಗಿರುವುದು ಒಂದೇ ವಸ್ತು, ಅದು ಕಲ್ಲು. ಕೋಟೆ ಅದೇ ಬಂಡೆಯದು. ಹಳ್ಳಿಯ ಮನೆಗಳು ಅದೇ ಬಂಡೆಯವು. ಚರ್ಚಿನ ಅರ್ಧ ಭಾಗ ಬಂಡೆಯೊಳಗೇ ಇದೆ. ಮಗ ತೋರಿಸಲು ಹೊರಟಿರುವ ಗಣಿ ಅಂದರೆ ಆ ಕಲ್ಲನ್ನು ಕೊಯ್ದು ತೆಗೆದ ಮೇಲೆ ಉಳಿದ ಖಾಲಿ ಜಾಗ. ಮೇಲಿನದನ್ನು ನೋಡದೆ ಕೆಳಗಿನದನ್ನು ಮಾತ್ರ ನೋಡಿದರೆ ಅದೊಂದು ಚೆಂದದ ಸಿನಿಮಾ ಹಾಲ್ ಥರ ಅನ್ನಿಸುತ್ತದೆ, ಅಷ್ಟೇ. ಮೊದಲು ಮೇಲೆ ಹತ್ತಿ ಇಳಿದು ಆಮೇಲೆ ಗಣಿಗೆ ಹೋದವರಿಗೆ ಆ ಗೋಡೆಗಳು ಗುರುತಿನ ಗೋಡೆಗಳಾಗಿರುತ್ತವೆ.

ನಾನು ಆ ಸೀಮೆಯಲ್ಲಿ ವರ್ಷಗಟ್ಟಲೆ ಓಡಾಡಿದವನು. ನಮ್ಮ ಕಡೆಯಿಂದ ಬಂದ ನೆಂಟರನ್ನು, ಸ್ನೇಹಿತರನ್ನು ಕರೆದುಕೊಂಡು ಹೋಗಿದ್ದೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಹೆಸರಿನ ಮಾತು. ಅಲ್ಲಿನ ಪ್ರೊವಾನ್ಸಾಲ್ ಭಾಷೆಯಲ್ಲಿ ‘ಬೌ’ ಅಂದರೆ ಕಡಿದಾದ ಬಂಡೆ, ಕೋಡುಗಲ್ಲು. ಅದೇ ಫ್ರೆಂಚಿನಲ್ಲಿ ‘ಬೋ’ ಆಗಿದೆ. ಈಗ ಬೆಳಗಾವಿಯವರಾದ ನಿಮಗೆ ಒಂದು ಸಂಗತಿ ಹೇಳುತ್ತೇನೆ. 1821ರಲ್ಲಿ ಪಿಯೆರ್ ಬೆರ್ತಿಯೇ ಅನ್ನುವ ಫ್ರೆಂಚ್ ಖನಿಜ ತಜ್ಞ ಈ ಊರಿನ ಹತ್ತಿರದ ಕೆಂಪು ಕಲ್ಲನ್ನು ಪರೀಕ್ಷೆ ಮಾಡಿದ. ಅದರಲ್ಲಿ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಲೋಹದ ಮೂಲ ವಸ್ತು, ತುಂಬಾ ಇದೆ ಅಂತ ಕಂಡುಕೊಂಡ. ಮುಂದೆ ಆ ಕಲ್ಲಿಗೆ ಊರಿನ ಹೆಸರೇ ಬಂತು. ಬೋ ಅನ್ನುವುದನ್ನು ಫ್ರೆಂಚಿನಲ್ಲಿ Baux ಅಂತ ಬರೆಯುತ್ತಾರೆ, ಹಾಗಾಗಿ ಬಾಕ್ಸೈಟ್! ನಿಮ್ಮೂರಿನ ಅಲ್ಯೂಮಿನಾ ಕಾರ್ಖಾನೆ ಇಷ್ಟು ವರ್ಷ ಅರೆದು ಕಾಯಿಸಿದ್ದು ಇದೇ ಹೆಸರಿನ ಕಲ್ಲನ್ನು. ಬೆಳಗಾವಿಯ ಮಕ್ಕಳು ಶಾಲೆಯಲ್ಲಿ ಜಿಲ್ಲೆಯ ಖನಿಜ ಅಂತ ಬಾಯಿಪಾಠ ಮಾಡುವ ಪದ ಈ ಬೆಟ್ಟದ ಹಳ್ಳಿಯಿಂದ ಹೊರಟಿದ್ದು. ಆ ಕೆಂಪು ನಿಮಗೆ ಹೊಸದೇನೂ ಅಲ್ಲ. ನಮ್ಮ ಪಶ್ಚಿಮ ಘಟ್ಟದ ಜಂಬಿಟ್ಟಿಗೆಯ ನೆಂಟಸ್ತಿಕೆ ಅದಕ್ಕಿದೆ. ಈಗ ಲೆ ಬೋ ಸುತ್ತ ಗಣಿಗಾರಿಕೆ ಇಲ್ಲ. ಬೆಳ್ಳಗಿನ ಸುಣ್ಣಕಲ್ಲಿನ ಗುಡ್ಡಗಳ ನಡುವೆ ರಸ್ತೆ ಬದಿಯಲ್ಲಿ ಅಲ್ಲಲ್ಲಿ ಕೆಂಪು ಮಣ್ಣು ಕಾಣುತ್ತದೆ. ಕಂಡಾಗ ಮಗನಿಗೆ ಕಾರು ನಿಲ್ಲಿಸಲು ಹೇಳಿ, ಇಳಿದು ಕೈಯಲ್ಲಿ ಮುಟ್ಟಿ ನೋಡಿ.

ಈ ಗುಡ್ಡಸಾಲಿನ ಹೆಸರು ಆಲ್ಪಿಯ್. ಆಲ್ಪ್ಸ್ ಪರ್ವತದ ಮರಿ ಅನ್ನುವ ಅರ್ಥ. ಎತ್ತರ ಜಾಸ್ತಿ ಇಲ್ಲ, ಆದರೆ ಸುತ್ತ ಬಯಲು ಇರುವುದರಿಂದ ದೊಡ್ಡದಾಗಿ ಕಾಣುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತೇವಲ್ಲ, ಇಲ್ಲಿ ಅದು ತಿರುಗುಮುರುಗು. ದೂರದಿಂದ ಎಲ್ಲವೂ ಒರಟು ಬಂಡೆಯಾಗಿಯೇ ಕಾಣುತ್ತದೆ. ಕೋಟೆ ಎಲ್ಲಿದೆ ಅಂತ ಹುಡುಕಬೇಕು. ಹತ್ತಿರ ಬಂದ ಹಾಗೆ ಬಂಡೆಯಲ್ಲಿ ಒಂದು ಚೌಕ ಕಪ್ಪು ಕಾಣುತ್ತದೆ. ಓ, ಅದು ಕಿಟಕಿ! ಆಮೇಲೆ ಇನ್ನೊಂದು. ಆಗ ಇಡೀ ಗುಡ್ಡ ಒಮ್ಮೆಲೇ ಕೋಟೆಯಾಗಿ ಕಣ್ಣಿಗೆ ಬೀಳುತ್ತದೆ. ಎಷ್ಟು ಸಲ ಹೋದರೂ ಈ ಗಳಿಗೆಗೆ ನಾನು ಕಾಯುತ್ತೇನೆ.

ಕೋಟೆಯ ಕಥೆ ಸ್ವಲ್ಪ ಗೊತ್ತಿದ್ದರೆ ಬಿದ್ದ ಗೋಡೆ ಮಾತಾಡುತ್ತದೆ. ಬೋ ಮನೆತನದ ದೊರೆಗಳು ಮಧ್ಯಯುಗದಲ್ಲಿ ಪ್ರೊವಾನ್ಸಿನ ದೊಡ್ಡ ಪಾಳೇಗಾರರು. ಒಂದು ಕಾಲಕ್ಕೆ 79 ಊರು-ಕೋಟೆಗಳು ಅವರ ಕೈಯಲ್ಲಿದ್ದವು ಅನ್ನುವುದು ಅಲ್ಲಿಯ ಹೆಮ್ಮೆಯ ಲೆಕ್ಕ. ಹಸುಗೂಸು ಏಸುವನ್ನು ನೋಡಲು ನಕ್ಷತ್ರದ ಹಿಂದೆ ಬಂದ ಮೂವರು ರಾಜರ ಕಥೆ ಕೇಳಿರುತ್ತೀರಿ. ಅವರಲ್ಲಿ ಬಲ್ತಜಾರ್ ಅನ್ನುವವನ ವಂಶ ತಮ್ಮದು ಅಂತ ಈ ದೊರೆಗಳು ಹೇಳಿಕೊಳ್ಳುತ್ತಿದ್ದರು. ನಮ್ಮ ಅರಸರು ಯದುವಂಶ, ಚಂದ್ರವಂಶ ಅಂದ ಹಾಗೆಯೇ. ಅದಕ್ಕೆ ಅವರ ಲಾಂಛನ ಹದಿನಾರು ಕಿರಣಗಳ ಬೆಳ್ಳಿ ನಕ್ಷತ್ರ. ಊರಿನಲ್ಲಿ ಓಡಾಡುವಾಗ ಆ ನಕ್ಷತ್ರದ ಮೇಲೆ ಒಂದು ಕಣ್ಣಿಟ್ಟಿರಿ.

12ನೇ ಶತಮಾನದಲ್ಲಿ ಪ್ರೊವಾನ್ಸ್ ಯಾರದ್ದು ಅಂತ ಬಾರ್ಸಿಲೋನದ ದೊರೆಗಳ ಜೊತೆ ಈ ಮನೆತನ ಕಾದಾಡಿತು. 1144ರಿಂದ 1162ರವರೆಗೆ ಬಿಟ್ಟು ಬಿಟ್ಟು ಯುದ್ಧ. ಕೊನೆಗೆ ಸೋತರು. 14ನೇ ಶತಮಾನದ ಕೊನೆಯಲ್ಲಿ ಆಲಿಕ್ಸ್ ಅನ್ನುವ ಹುಡುಗಿ ಈ ಮನೆತನದ ವಾರಸುದಾರಳಾದಳು. ಅವಳ ಪಾಲಕನಾಗಿ ಬಂದ ರೇಮೋಂ ದ ತ್ಯುರೆನ್ ಸುತ್ತಲಿನ ಸೀಮೆಯನ್ನೆಲ್ಲ ಸುಲಿಗೆ ಮಾಡಿದ. ಬಿಡುಗಡೆಯ ಹಣ ಕೊಡಲಾಗದ ಸೆರೆಯಾಳುಗಳನ್ನು ಕೋಟೆಯ ತುದಿಯಿಂದ ಕೆಳಗೆ ಹಾರಿಸುತ್ತಿದ್ದ ಅಂತ ಕಥೆ. ಆ ತುದಿಯಲ್ಲಿ ನಿಂತು ಕೆಳಗೆ ನೋಡಿದಾಗ ಕಾಲು ತಾನಾಗಿ ಹಿಂದೆ ಸರಿಯುತ್ತದೆ. 1426ರಲ್ಲಿ ಆಲಿಕ್ಸ್ ತೀರಿಕೊಂಡಳು. ಅಲ್ಲಿಗೆ ಆ ವಂಶದ ಆಳ್ವಿಕೆ ಮುಗಿಯಿತು.

ಕೋಟೆ ತಾನಾಗಿ ಪಾಳು ಬಿದ್ದಿದ್ದಲ್ಲ, ಕೆಡವಿದ್ದು. ಅದೂ ಎರಡು ಸಲ. ಪ್ರೊವಾನ್ಸ್ ಫ್ರಾನ್ಸಿಗೆ ಸೇರಿದ ಮೇಲೆ 1483ರಲ್ಲಿ ಹನ್ನೊಂದನೆಯ ಲೂಯಿ ದೊರೆ ಕೆಡವಿಸಿದ. ಆಮೇಲೆ ಮತ್ತೆ ಕಟ್ಟಿಕೊಂಡರು. 16ನೇ ಶತಮಾನದಲ್ಲಿ ಊರು ಚೆನ್ನಾಗಿ ಬೆಳೆಯಿತು, ದೊಡ್ಡ ದೊಡ್ಡ ಮನೆಗಳು ಎದ್ದವು. ಆದರೆ ದೊರೆಯ ವಿರುದ್ಧ ದಂಗೆ ಎದ್ದವರಿಗೆ ಈ ಕೋಟೆ ಆಸರೆ ಕೊಟ್ಟಿತು ಅಂತ 1632ರಲ್ಲಿ ಮಂತ್ರಿ ರಿಷ್ಲಿಯೂ ಮತ್ತೆ ನೆಲಸಮ ಮಾಡಲು ಹುಕುಂ ಕೊಟ್ಟ. ಮದ್ದುಗುಂಡು ಇಟ್ಟು ಸಿಡಿಸಿದರು. ಕೆಡವುವ ಖರ್ಚನ್ನೂ ದಂಡವನ್ನೂ ಊರಿನವರ ಮೇಲೆಯೇ ಹೊರಿಸಿದರು. ಹತ್ತು ವರ್ಷ ಕಳೆದ ಮೇಲೆ ಫ್ರಾನ್ಸ್ ದೊರೆ ಈ ಊರನ್ನು ಮೊನಾಕೊದ ಗ್ರಿಮಾಲ್ಡಿ ಮನೆತನಕ್ಕೆ ಕೊಟ್ಟ. ಊರು ಕೈಬಿಟ್ಟು ಹೋಗಿ ಇನ್ನೂರು ವರ್ಷ ಮೀರಿದ್ದರೂ ಬಿರುದು ಇನ್ನೂ ಅವರ ಹತ್ತಿರ ಇದೆ. 2014ರಲ್ಲಿ ಹುಟ್ಟಿದ ಮೊನಾಕೊದ ಯುವರಾಜ ಝಾಕ್ ಈಗ ‘ಮಾರ್ಕಿ ದೆ ಬೋ’.

ಈಗ ಕೋಟೆಯೊಳಗೆ ಬನ್ನಿ. ಟಿಕೆಟ್ ತೆಗೆದುಕೊಂಡು ದಾಟಿದ ಕೂಡಲೇ ಒಂದು ದೊಡ್ಡ ಬಯಲು. ಕೋಟೆಯ ಜಾಗ ಒಟ್ಟು ಏಳು ಹೆಕ್ಟೇರ್. ಅಂದರೆ ಸುಮಾರು ಹದಿನೇಳು ಎಕರೆ. ಬಯಲು ಮಟ್ಟಸವಾಗಿದೆ. ನಿಮ್ಮ ಮನೆಯವರು ನಿಧಾನವಾಗಿ ನಡೆದರೆ ತೊಂದರೆ ಇಲ್ಲ. ಕಲ್ಲು ಬೀರುವ ಹಳೇ ಯುದ್ಧಯಂತ್ರಗಳನ್ನು ಅದೇ ಅಳತೆಯಲ್ಲಿ ಮರದಿಂದ ಮತ್ತೆ ಮಾಡಿ ಅಲ್ಲಿ ನಿಲ್ಲಿಸಿದ್ದಾರೆ. ದೊಡ್ಡದರ ಹೆಸರು ತ್ರೆಬ್ಯುಶೆ. ಏತದ ಹಾಗೆಯೇ ಕೆಲಸ ಮಾಡುತ್ತದೆ. ಒಂದು ತುದಿಗೆ ಭಾರದ ಪೆಟ್ಟಿಗೆ, ಇನ್ನೊಂದು ತುದಿಗೆ ಕವಣೆ. ಭಾರ ಇಳಿದಾಗ ಕವಣೆ ಮೇಲೆ ಚಿಮ್ಮುತ್ತದೆ. ಮಕ್ಕಳಿಗೆ ರಜೆ ಇರುವ ಕಾಲದಲ್ಲಿ ಅದನ್ನು ಹಾರಿಸಿಯೂ ತೋರಿಸುತ್ತಾರೆ.

ಎಲ್ಲರೂ ಯಂತ್ರದ ಮುಂದೆ ಫೋಟೋ ತೆಗೆಸಿಕೊಂಡು ಮುಂದೆ ಓಡುತ್ತಾರೆ. ನೀವು ಕಾಲಡಿಯ ನೆಲ ನೋಡಿ. ಬಯಲಿನಲ್ಲಿ ಒಂದು ಕಡೆ ಇಳಿಜಾರಿಗೆ ಚಪ್ಪಡಿ ಹಾಸಿದ್ದಾರೆ. ಸುಮ್ನೆ ಹಾಸಿದ್ದಲ್ಲ, ಮಳೆ ನೀರು ಹಿಡಿಯಲು. ಬಿದ್ದ ಮಳೆ ಹರಿದು ಕೆಳಗಿನ ತೊಟ್ಟಿಗೆ ಸೇರುತ್ತಿತ್ತು. ಬಂಡೆಯ ಮೇಲೆ ಬಾವಿ ತೋಡಲು ಆಗುವುದಿಲ್ಲ, ಪಕ್ಕದಲ್ಲಿ ಹೊಳೆ ಇಲ್ಲ. ಚಿತ್ರದುರ್ಗದ ಹೊಂಡಗಳನ್ನು ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಯಲಿನ ದಕ್ಷಿಣದ ತುದಿಗೆ ಹೋದರೆ ಕೆಳಗೆ ಆಲಿವ್ ತೋಪು, ದ್ರಾಕ್ಷಿ ತೋಟ, ಅದರಾಚೆ ಕ್ರೋ ಬಯಲು, ಕಮಾರ್ಗ್‌ನ ಜವುಗು. ಗಾಳಿ ಶುಚಿಯಾಗಿದ್ದ ದಿನ ಸಮುದ್ರದ ಗೆರೆಯೂ ಕಾಣುತ್ತದೆ. ಅಲ್ಲಿಂದ ಹಿಂದಿರುಗಿ ನಿಲ್ಲಿ. ಈಗ ಕೋಟೆ ನಿಮ್ಮೆದುರು ಮನೆಯೊಂದನ್ನು ಅಡ್ಡಡ್ಡ ಸೀಳಿ ಇಟ್ಟ ಹಾಗೆ ನಿಂತಿರುತ್ತದೆ. ಮೊದಲ ಮಹಡಿಯ ನೆಲ ಇಲ್ಲ, ಆದರೆ ತೊಲೆ ಕೂರಿಸಿದ ತೂತುಗಳು ಸಾಲಾಗಿ ಇವೆ. ಮೇಲೆ ಗಾಳಿಯಲ್ಲಿ ನೇತಾಡಿದ ಹಾಗೆ ಒಂದು ಬಾಗಿಲು. ಎಲ್ಲಿಗೂ ಹೋಗದ ಐದಾರು ಮೆಟ್ಟಿಲು. ಎಲ್ಲಿ ಬಂಡೆ ಮುಗಿದು ಗೋಡೆ ಶುರುವಾಗುತ್ತದೆ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅರ್ಧ ಕೋಣೆಯನ್ನು ಬಂಡೆಯೊಳಗೆ ಕೊರೆದು ಉಳಿದರ್ಧವನ್ನು ಕಟ್ಟಿದ್ದಾರೆ. ಸಿಡಿಮದ್ದಿಗೆ ಕಟ್ಟಿದ ಅರ್ಧ ಬಿತ್ತು, ಕೊರೆದ ಅರ್ಧ ಉಳಿಯಿತು. ಈಗ ನಾವು ನೋಡುವುದು ಹೆಚ್ಚಾಗಿ ಆ ಕೊರೆದ ಅರ್ಧವನ್ನೇ.

ಪಾರಿವಾಳದ ಗೂಡುಗಳನ್ನು ಮಾತ್ರ ತಪ್ಪಿಸಬೇಡಿ. ಬಂಡೆಯ ಮುಖದಲ್ಲೇ ಸಾಲು ಸಾಲಾಗಿ ಚೌಕ ಗೂಡು ಕೊರೆದಿದ್ದಾರೆ. ಅಜ್ಜಿಮನೆಯ ಗೋಡೆಯಲ್ಲಿ ದೀಪ ಇಡುವ ಗೂಡು ಇರುತ್ತಿತ್ತಲ್ಲ, ಅಷ್ಟಷ್ಟೇ ದೊಡ್ಡವು. ಮಾಂಸಕ್ಕೆ, ಗೊಬ್ಬರಕ್ಕೆ ದೊರೆಮನೆಯವರು ಪಾರಿವಾಳ ಸಾಕುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಗೂಡಿನ ಅಂಚಿನಲ್ಲಿ ಉಳಿಯ ಗೆರೆಗಳು ಓರೆಯಾಗಿ, ಒಂದರ ಪಕ್ಕ ಒಂದು, ಇನ್ನೂ ಎಣಿಸುವ ಹಾಗೆ ಇವೆ. ಅದನ್ನು ಕೊರೆದವನು ಬಲಗೈಯವನೇ ಅಂತ ನಾನೂ ನನ್ನ ಸ್ನೇಹಿತನೂ ಒಮ್ಮೆ ಅರ್ಧ ಗಂಟೆ ಚರ್ಚೆ ಮಾಡಿದ್ದೆವು.

ಇನ್ನು ಮಂಡಿಯ ವಿಷಯ. ಕೋಟೆಯ ಮೇಲಿನ ಬುರುಜು, ದೊಡ್ಡ ಗೋಪುರಕ್ಕೆ ಹೋಗುವ ಮೆಟ್ಟಿಲುಗಳು ಬಂಡೆಯಲ್ಲೇ ಕಡಿದವು. ಕಡಿದಾಗಿವೆ. ನೂರಾರು ವರ್ಷ ಕಾಲು ಬಿದ್ದು ನಡುವೆ ಸವೆದು ಬಟ್ಟಲಿನ ಹಾಗಾಗಿವೆ. ಒಂದೊಂದರ ಎತ್ತರ ಒಂದೊಂದು ಥರ. ಹಿಡಿದುಕೊಳ್ಳಲು ಕಂಬಿ ಇದೆ, ಆದರೂ ಮಂಡಿ ನೋವಿನವರಿಗೆ ಬೇಡ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ನಿಮ್ಮ ಮನೆಯವರು ಬಯಲಿನಲ್ಲೇ ಇದ್ದು, ಸೇಂಟ್ ಬ್ಲೇಸ್ ಅನ್ನುವ 12ನೇ ಶತಮಾನದ ಪುಟ್ಟ ಪ್ರಾರ್ಥನಾಮಂದಿರದ ನೆರಳಿನಲ್ಲಿ ಕೂರಲಿ. ಅವರಿಗೆ ಏನೂ ತಪ್ಪಿಹೋಗುವುದಿಲ್ಲ. ಸೀಳಿದ ಮನೆಯ ಹಾಗೆ ಕಾಣುವ ಆ ನೋಟ ಕೆಳಗಿನಿಂದಲೇ ಚೆನ್ನ. ನೀವೂ ಮಗನೂ ಮೇಲೆ ಹತ್ತಿ ಬನ್ನಿ.

ಊರಿನೊಳಗಿನ ಓಣಿಗಳೂ ಏರು-ಇಳಿವಿನವೇ, ಕಲ್ಲು ಹಾಸಿದವು. ಹಿಡಿತ ಇರುವ ಶೂ ಬೇಕು. ಚಪ್ಪಲಿ ಬೇಡವೇ ಬೇಡ. ಸುಣ್ಣಕಲ್ಲು ಸವೆದರೆ ಎಣ್ಣೆ ಸವರಿದ ಹಾಗೆ ಜಾರುತ್ತದೆ.

ಮೇಲಿನ ಹಳ್ಳಿಯಲ್ಲಿ ವರ್ಷಪೂರ್ತಿ ವಾಸವಿರುವ ಮನೆಗಳು ಈಗ ಕೆಲವೇ ಕೆಲವು. ನೋಡಲು ಬರುವವರು ಮಾತ್ರ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ. ಹಾಗಾಗಿ ಮುಖ್ಯ ಬೀದಿಯಲ್ಲಿ ಸಾಬೂನು, ಲ್ಯಾವೆಂಡರ್ ಚೀಲ, ಮಿಠಾಯಿ, ಗೋಧಿ ಬಣ್ಣದ ಟವೆಲ್ ಅಂಗಡಿಗಳೇ ಜಾಸ್ತಿ. ಅದನ್ನು ನೋಡಿ ಬೇಜಾರಾಗಬೇಡಿ. ಒಂದು ತಿರುವು ತಿರುಗಿದರೆ ಗದ್ದಲ ನಿಂತುಹೋಗುತ್ತದೆ. 1866ರವರೆಗೆ ಊರೊಳಗೆ ಬರಲು ಇದ್ದದ್ದು ಒಂದೇ ಬಾಗಿಲು, ಪೋರ್ತ್ ಎಗಿಯೇರ್. ಈಗ ಎಲ್ಲರೂ ಆಮೇಲೆ ಹೊಸದಾಗಿ ಮಾಡಿದ ಬಾಗಿಲಿನಿಂದ ಒಳಗೆ ಬರುತ್ತಾರೆ. ಹಳೇ ಬಾಗಿಲಿನ ಕಡೆ ಒಂದು ಸಲ ಇಳಿದು ನೋಡಿ. ಅಲ್ಲಿ ಬರುವವರು ಕಡಿಮೆ.

ದೊಡ್ಡ ಬೀದಿಯಲ್ಲೊಂದು ಒಂಟಿ ಕಿಟಕಿ ಇದೆ. ಮನೆ ಬಿದ್ದುಹೋಗಿದೆ, ಕಿಟಕಿಯ ಚೌಕಟ್ಟು ಮಾತ್ರ ನಿಂತಿದೆ. ಹಿಂದೆ ಬರೀ ಆಕಾಶ. ಅದರ ಮೇಲೆ 1571 ಅಂತ ಇಸವಿ. ಜೊತೆಗೆ ಲ್ಯಾಟಿನ್‌ನಲ್ಲಿ ಮೂರು ಪದ: ‘ಪೋಸ್ಟ್ ತೆನೆಬ್ರಾಸ್ ಲುಕ್ಸ್’. ಕತ್ತಲೆಯ ಮೇಲೆ ಬೆಳಕು ಅಂತ. ಅದು ಪ್ರಾಟೆಸ್ಟಂಟರ ಘೋಷವಾಕ್ಯ. ಆಗ ಫ್ರಾನ್ಸಿನಲ್ಲಿ ಪ್ರಾಟೆಸ್ಟಂಟರಾಗಿರುವುದು ಜೀವಕ್ಕೆ ಸಂಚಕಾರ. 1571ರ ಮರುವರ್ಷವೇ ಪ್ಯಾರಿಸ್ಸಿನಲ್ಲಿ ಅವರ ಮಾರಣಹೋಮ ನಡೆಯಿತು. ಅಂಥ ಕಾಲದಲ್ಲಿ ಬೀದಿಗೆ ಮುಖ ಮಾಡಿ ಈ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿದ ಮನೆಯವರ ಧೈರ್ಯ ದೊಡ್ಡದು. ಆ ಕಿಟಕಿಯ ಕೆಳಗೆ ಎರಡು ನಿಮಿಷ ನಿಲ್ಲಿ.

ಕಲೆಯ ವಿಷಯಕ್ಕೆ ಬಂದರೆ, ನಿಮ್ಮ ಮಗ ಗಣಿಯೊಂದನ್ನೇ ಹೇಳಿದ್ದಾನೆ. ನನಗೆ ಅದಕ್ಕಿಂತ ಹತ್ತಿರವಾದದ್ದು ಹಳ್ಳಿಯೊಳಗೇ ಇದೆ. ಸೇಂಟ್ ವಿನ್ಸೆಂಟ್ ಚರ್ಚಿನ ಎದುರು ಬಿಳಿ ಪಶ್ಚಾತ್ತಾಪಿಗಳ ಮಂದಿರ ಅಂತ 17ನೇ ಶತಮಾನದ ಸಣ್ಣ ಕಟ್ಟಡ ಇದೆ. ಬಿಳಿ ನಿಲುವಂಗಿ ತೊಟ್ಟು ಪ್ರಾರ್ಥನೆ ಮಾಡುತ್ತಿದ್ದ ಸಂಘದವರದು. ಒಳಗಿನ ಗೋಡೆಗಳಿಗೆ 1974ರಲ್ಲಿ ಈವ್ ಬ್ರಾಯೇ ಅನ್ನುವ ಚಿತ್ರಕಾರ ಬಣ್ಣ ಹಾಕಿದ. ಏಸು ಹುಟ್ಟಿದ ಸುದ್ದಿ ಕೇಳಿ ಕುರುಬರು ಹೋಗುವ ದೃಶ್ಯ. ಆದರೆ ಬೆತ್ಲೆಹೇಮ್ ಅಲ್ಲ, ಇದೇ ಗುಡ್ಡ, ಇದೇ ಬಂಡೆ. ಕಂಬಳಿ ಹೊದ್ದ ಇಲ್ಲಿಯ ಕುರುಬರು, ಅವರ ಕುರಿಗಳು. ಹೊರಗೆ ಬಂದು ತಲೆ ಎತ್ತಿದರೆ ಚಿತ್ರದಲ್ಲಿದ್ದ ಬಂಡೆಗಳೇ ಎದುರಿಗೆ ನಿಂತಿರುತ್ತವೆ. ಬ್ರಾಯೇ ಹುಟ್ಟಿದ್ದು 1907ರಲ್ಲಿ, ದೂರದ ವರ್ಸಾಯ್‌ನಲ್ಲಿ. ಈ ಸೀಮೆಯನ್ನು ಹಚ್ಚಿಕೊಂಡು ಮತ್ತೆ ಮತ್ತೆ ಬಂದ. 1990ರಲ್ಲಿ ತೀರಿಕೊಂಡ ಮೇಲೆ ಇಲ್ಲಿಯೇ ಮಣ್ಣು ಮಾಡಿದರು. ಪಕ್ಕದಲ್ಲೇ ಅವನ ಹೆಸರಿನ ಮ್ಯೂಸಿಯಂ ಇದೆ. 16ನೇ ಶತಮಾನದ ಹಳೇ ಮನೆ ಅದು. ಕಮಾರ್ಗ್‌ನ ಬಿಳಿ ಕುದುರೆಗಳು, ಆಲ್ಪಿಯ್ ಗುಡ್ಡಗಳು, ಸ್ಪೇನ್, ಇಟಲಿ, ಎಲ್ಲದರ ಚಿತ್ರಗಳೂ ಇವೆ. ಒಂದು ಗಂಟೆ ಬೇಕು.

ಚಿತ್ರದ ಕುರುಬರಿಗೆ ಇನ್ನೊಂದು ಕಾರಣವೂ ಇದೆ. ಕ್ರಿಸ್ಮಸ್ ಹಿಂದಿನ ರಾತ್ರಿ ಈ ಸೇಂಟ್ ವಿನ್ಸೆಂಟ್ ಚರ್ಚಿಗೆ ಕುರುಬರು ನಿಜವಾಗಿಯೂ ಕುರಿಮರಿ ತಂದು ಕಾಣಿಕೆ ಕೊಡುವ ಪದ್ಧತಿ ಇಲ್ಲಿ ಬಹಳ ಹಳೆಯದು. ಚರ್ಚಿನ ಒಳಗೆ ಹೋದರೆ ಒಂದು ಪಕ್ಕದ ಗೂಡುಗಳು ನೇರ ಬಂಡೆಯಲ್ಲಿ ಕೊರೆದಿರುವುದು ಕಾಣುತ್ತದೆ. ಗಾಜಿನ ಬಣ್ಣದ ಕಿಟಕಿಗಳು ಹೊಸ ಕಾಲದವು, ಮಾಕ್ಸ್ ಆಂಗ್ರಾಂ ಮಾಡಿದ್ದು. ಮೊನಾಕೊದ ದೊರೆ ಮೂರನೆಯ ರೇನಿಯೇ ಕೊಟ್ಟ ಕಾಣಿಕೆ.

ಅಕ್ಷರದ ಹುಚ್ಚು ಇದ್ದರೆ ಲೂಯಿ ಜೂ ಅನ್ನುವವನ ಮುದ್ರಣಾಲಯವನ್ನೂ ಕೇಳಿಕೊಳ್ಳಿ. ಬಾರ್ಸಿಲೋನದಲ್ಲಿ 1881ರಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿ ಕೊನೆಗೆ ಇಲ್ಲಿ ನೆಲೆಸಿದವನು. ಮರದ ಕೆತ್ತನೆ, ಅಚ್ಚುಮೊಳೆ, ಮುದ್ರಣ ಎಲ್ಲವನ್ನೂ ತಾನೇ ಮಾಡುತ್ತಿದ್ದ. ಯಾವಾಗಲೂ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಬೇಕು.

ಈಗ ಗಣಿ. ಹಳ್ಳಿಯಿಂದ ರಸ್ತೆಯಲ್ಲಿ ಹತ್ತು-ಹದಿನೈದು ನಿಮಿಷದ ನಡಿಗೆ. ಆ ಕಣಿವೆಗೆ ವಾಲ್ ದಾನ್ಫೇರ್, ಅಂದರೆ ನರಕದ ಕಣಿವೆ ಅನ್ನುತ್ತಾರೆ. ಗಾಳಿ-ಮಳೆಗೆ ಸವೆದ ಬಂಡೆಗಳು ವಿಚಿತ್ರ ಆಕಾರದಲ್ಲಿ ನಿಂತಿವೆ. ದಾಂತೆ ಕವಿ ಇದನ್ನು ನೋಡಿಯೇ ನರಕವನ್ನು ಬಣ್ಣಿಸಿದ ಅನ್ನುವ ಕಥೆ ಊರಿನವರಿಗೆ ಇಷ್ಟ. ಇಲ್ಲಿಯ ಬಿಳಿ ಸುಣ್ಣಕಲ್ಲು ಮೆದು. ನೆಲದಿಂದ ಎತ್ತಿದಾಗ ಗರಗಸಕ್ಕೂ ಬಗ್ಗುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಬೇಲೂರಿನ ಬಳಪದ ಕಲ್ಲಿನ ಬಗ್ಗೆ ನಮ್ಮಲ್ಲೂ ಇದೇ ಮಾತು ಹೇಳುತ್ತಾರಲ್ವಾ? ಮೇಲಿನ ಗುಡ್ಡ ಕುಸಿಯದ ಹಾಗೆ ದಪ್ಪ ಕಂಬಗಳನ್ನು ಬಿಟ್ಟು ಒಳಗೊಳಗೇ ಕೊಯ್ದುಕೊಂಡು ಹೋದರು. ಹಾಗಾಗಿ ಒಳಗೆ ಒಂದರ ಪಕ್ಕ ಒಂದು ಎತ್ತರದ ಚೌಕ ಹಜಾರಗಳಾದವು. ಉಕ್ಕು, ಕಾಂಕ್ರೀಟ್ ಬಂದ ಮೇಲೆ ಕಲ್ಲಿಗೆ ಬೇಡಿಕೆ ಬಿತ್ತು. 1935ರಲ್ಲಿ ಗಣಿ ಮುಚ್ಚಿತು.

1959ರಲ್ಲಿ ಕವಿ, ಕಲಾವಿದ ಝಾನ್ ಕಾಕ್ತೋ ಈ ಖಾಲಿ ಗಣಿಯ ಚೆಲುವು ಕಂಡು ತನ್ನ ಕೊನೆಯ ಸಿನಿಮಾದ ಒಂದಷ್ಟು ಭಾಗವನ್ನು ಇಲ್ಲಿ ತೆಗೆದ. 1970ರ ದಶಕದಲ್ಲಿ ಆಲ್ಬೇರ್ ಪ್ಲೆಸಿ ಅನ್ನುವವನಿಗೆ ಈ ಗೋಡೆಗಳನ್ನೇ ಪರದೆ ಮಾಡಿದರೆ ಹೇಗೆ ಅನ್ನಿಸಿತು. ಹಾಗೆ ಶುರುವಾದದ್ದು. 2012ರಿಂದ ಅದಕ್ಕೆ ಕ್ಯಾರಿಯೇರ್ ದ ಲ್ಯೂಮಿಯೇರ್, ಬೆಳಕಿನ ಗಣಿ ಅಂತ ಹೆಸರು. ನೂರರಷ್ಟು ಪ್ರೊಜೆಕ್ಟರ್‌ಗಳು ಗೋಡೆ, ಕಂಬ, ನೆಲದ ಮೇಲೆಲ್ಲ ಚಿತ್ರ ಹರಡುತ್ತವೆ. ಸಂಗೀತವೂ ಇರುತ್ತದೆ. ವರ್ಷಕ್ಕೊಂದು ಹೊಸ ಪ್ರದರ್ಶನ. ಒಳಗೆ ಹೋದ ಮೇಲೆ ಎಷ್ಟು ಹೊತ್ತು ಬೇಕಾದರೂ ಇರಬಹುದು. ಒಂದು ಸುತ್ತು ನಿಂತು ನೋಡಿ, ಇನ್ನೊಂದು ಸುತ್ತು ನಡೆದಾಡುತ್ತಾ ನೋಡಿ. ನೆಲ ಸಮ ಇದೆ, ಆದರೆ ಕತ್ತಲು. ನಿಮ್ಮ ಮನೆಯವರ ಕೈ ಹಿಡಿದುಕೊಳ್ಳಿ.

ನನ್ನ ಅನಿಸಿಕೆ ಮುಚ್ಚಿಡುವುದಿಲ್ಲ. ಅಲ್ಲಿ ಕಾಣುವುದು ಚಿತ್ರದ ನೆರಳೇ ಹೊರತು ಚಿತ್ರ ಅಲ್ಲ. ಡಚ್ ಚಿತ್ರಕಾರ ವಾನ್ ಗೋನ ನಕ್ಷತ್ರದ ರಾತ್ರಿಯ ಚಿತ್ರ ನಿಜದಲ್ಲಿ ಒಂದು ಮೀಟರ್ ಅಗಲವೂ ಇಲ್ಲ. 92 ಸೆಂಟಿಮೀಟರ್ ಅಗಲ, 74 ಸೆಂಟಿಮೀಟರ್ ಎತ್ತರ. ಅಂಥದ್ದನ್ನು ಮೂರು ಮಹಡಿ ಎತ್ತರಕ್ಕೆ ಹಿಗ್ಗಿಸಿದಾಗ ಅವನ ಕುಂಚದ ಒತ್ತು, ಬಣ್ಣದ ದಪ್ಪ ಕೈಗೆ ಸಿಗುವುದಿಲ್ಲ. ಆದರೂ ಆ ಬಣ್ಣ ಕೊಯ್ದ ಕಲ್ಲಿನ ಗೆರೆಗಳ ಮೇಲೆ ಹರಿದು ಹೋಗುವಾಗ ಮೈ ಜುಮ್ ಅನ್ನುತ್ತದೆ. ಪ್ರದರ್ಶನದ ನಡುವೆ ಒಂದು ಕ್ಷಣ ಎಲ್ಲ ಆರಿ ಬರೀ ಗೋಡೆ ಕಾಣುವ ಹೊತ್ತು ಬರುತ್ತದೆ. ಆಗ ಗೋಡೆಯ ಹತ್ತಿರ ಇರಿ. ಕಲ್ಲು ಕೊಯ್ದವರ ಗುರುತುಗಳು ಉದ್ದುದ್ದಕ್ಕೆ ಕಾಣುತ್ತವೆ. ಬೆಳಿಗ್ಗೆ ಪಾರಿವಾಳದ ಗೂಡಿನಲ್ಲಿ ನೋಡಿದ ಉಳಿಯ ಗೆರೆ ನೆನಪಾಗುತ್ತದೆ.

ವಾನ್ ಗೋನ ಮಾತು ಬಂದಿದ್ದಕ್ಕೆ ಒಂದು ಕಿವಿಮಾತು. ಹತ್ತು ಕಿಲೋಮೀಟರ್ ದೂರದಲ್ಲಿ ಸಾಂ ರೆಮಿ ಪಟ್ಟಣ ಇದೆ. ಅಲ್ಲಿಯ ಸಾಂ ಪೋಲ್ ಆಸ್ಪತ್ರೆಯಲ್ಲಿ ಅವನು 1889ರ ಮೇ ತಿಂಗಳಿನಿಂದ ಒಂದು ವರ್ಷ ಇದ್ದ. ಮಾನಸಿಕವಾಗಿ ನೊಂದು ತಾನಾಗಿಯೇ ಬಂದು ಸೇರಿದವನು. ಆ ವರ್ಷದಲ್ಲಿ ನೂರಕ್ಕೂ ಮೀರಿ ಚಿತ್ರ ಬಿಡಿಸಿದ. ನಕ್ಷತ್ರದ ರಾತ್ರಿಯೂ ಅಲ್ಲಿಯದೇ, 1889ರ ಜೂನ್ ತಿಂಗಳಿನದು. ಅವನ ಕೋಣೆಯ ಮಾದರಿ, ಕೆಳಗಿನ ಹೊಲ, ಅದರಾಚೆ ಇದೇ ಆಲ್ಪಿಯ್ ಗುಡ್ಡಗಳ ಸಾಲು, ಎಲ್ಲ ನೋಡಬಹುದು. ಬೆಳಿಗ್ಗೆ ನೀವು ದಕ್ಷಿಣದಿಂದ ಹತ್ತಿದ ಗುಡ್ಡಗಳನ್ನೇ ಅವನು ಉತ್ತರದ ಕಡೆಯಿಂದ ನೋಡುತ್ತಿದ್ದ. ಸಮಯ ಉಳಿದರೆ ಬ್ರಾಯೇ ಮ್ಯೂಸಿಯಂ ಬಿಟ್ಟಾದರೂ ಅಲ್ಲಿಗೆ ಹೋಗಿ.

ಇನ್ನು ದಿನದ ಹೊಂದಾಣಿಕೆ. ಲಿಯಾನ್‌ನಿಂದ ಕಾರಿನಲ್ಲಿ ಮೂರು ಗಂಟೆ ಹತ್ತಿರ ಆಗುತ್ತದೆ. ಅದೇ ದಿನ ಹೋಗಿ ಬರಬೇಡಿ. ಹಿಂದಿನ ರಾತ್ರಿ ಸಾಂ ರೆಮಿಯಲ್ಲೋ ಆರ್ಲ್‌ನಲ್ಲೋ ಉಳಿಯಿರಿ. ರೈಲಿನಲ್ಲಿ ಬಂದರೆ ಅವಿನ್ಯೋಂಗೆ ಒಂದೂಕಾಲು ಗಂಟೆಯೂ ಬೇಡ. ಆದರೆ ಅಲ್ಲಿಂದ ಲೆ ಬೋಗೆ ಬಸ್ಸು ನೆಚ್ಚಿಕೊಳ್ಳುವುದು ಕಷ್ಟ. ಕಾರು ಬಾಡಿಗೆಗೆ ತೆಗೆದುಕೊಳ್ಳುವುದೇ ವಾಸಿ. ಬೆಳಿಗ್ಗೆ ಒಂಬತ್ತೂವರೆಯ ಒಳಗೆ ಲೆ ಬೋ ಮುಟ್ಟಿ. ಊರೊಳಗೆ ಕಾರು ಬಿಡುವುದಿಲ್ಲ. ಗೋಡೆಯ ಹೊರಗೆ ರಸ್ತೆ ಬದಿಯಲ್ಲಿ ಹಣ ಕೊಟ್ಟು ನಿಲ್ಲಿಸಬೇಕು. ಬೇಗ ಬಂದವರಿಗೆ ಬಾಗಿಲ ಹತ್ತಿರ ಜಾಗ. ಒಮ್ಮೆ ಜುಲೈ ತಿಂಗಳಲ್ಲಿ ನನ್ನ ಅತ್ತೆಯನ್ನು ಕರೆದುಕೊಂಡು ಹನ್ನೊಂದೂವರೆಗೆ ಹೋದೆ. ಕಾರು ಎಲ್ಲೋ ಕೆಳಗೆ ನಿಲ್ಲಿಸಿ ಬಿಸಿಲಲ್ಲಿ ಏರು ಹತ್ತಿಸಿದೆ. ಊರ ಬಾಗಿಲಿಗೆ ಬರುವ ಹೊತ್ತಿಗೆ ಅವರ ಮಂಡಿ ಕೈಕೊಟ್ಟಿತು. ಕೋಟೆ ನೋಡಲೇ ಇಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ನಿಮ್ಮ ಮನೆಯವರನ್ನು ಬಾಗಿಲಲ್ಲಿ ಇಳಿಸಿ ಆಮೇಲೆ ಮಗ ಕಾರು ನಿಲ್ಲಿಸಲಿ.

ಬೆಳಿಗ್ಗೆ ಮೊದಲು ಕೋಟೆ, ಆಮೇಲೆ ಹಳ್ಳಿ, ಮಧ್ಯಾಹ್ನ ಬಿಸಿಲೇರಿದಾಗ ಗಣಿ. ಕೋಟೆಗೂ ಗಣಿಗೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ, ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ. ಗಣಿಗೆ ಹೊತ್ತು ನೋಡಿ ಮೊದಲೇ ಕಾಯ್ದಿರಿಸಿ. ಒಳಗೆ ಮೇ ತಿಂಗಳಲ್ಲೂ ಚಳಿ ಇರುತ್ತದೆ, ಶಾಲು ಸ್ವೆಟರ್ ಜೊತೆಗಿರಲಿ. ಗಾಳಿಯ ವಿಷಯವೂ ನೆನಪಿಡಿ. ಉತ್ತರದ ರೋನ್ ಕಣಿವೆಯಿಂದ ಮಿಸ್ತ್ರಾಲ್ ಅನ್ನುವ ಒಣ ಗಾಳಿ ಬೀಸುತ್ತದೆ. ಬೀಸಿದರೆ ದಿನಗಟ್ಟಲೆ ಬೀಸುತ್ತದೆ. ತುಂಬಾ ಜೋರಾದ ದಿನ ಕೋಟೆಯ ಮೇಲಿನ ಭಾಗವನ್ನು, ಕೆಲವೊಮ್ಮೆ ಇಡೀ ಕೋಟೆಯನ್ನೇ ಮುಚ್ಚುತ್ತಾರೆ. ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿಕೊಳ್ಳಿ. ಗಾಳಿ ಇದ್ದರೆ ಸಾಂ ರೆಮಿಯನ್ನು ಮುಂದೆ ಹಾಕಿ, ಕೋಟೆಯನ್ನು ಮರುದಿನಕ್ಕೆ ಇಡಿ.

ಊಟ. ಹಳ್ಳಿಯಲ್ಲಿ ಹೋಟೆಲುಗಳಿವೆ, ಆದರೆ ಎರಡು ಗಂಟೆಯ ಮೇಲೆ ಅಡುಗೆಮನೆ ಮುಚ್ಚುತ್ತಾರೆ. ಹನ್ನೆರಡೂವರೆಗೇ ಕುಳಿತುಬಿಡಿ. ತರಕಾರಿ ಬೇಯಿಸಿದ ರಾತಾತೂಯ್ ನಿಮಗೆ ಹಿಡಿಸುತ್ತದೆ. ಬದನೆಕಾಯಿ, ಟೊಮೇಟೊ, ದೊಣ್ಣೆಮೆಣಸು, ಜುಕಿನಿ ಎಲ್ಲ ಆಲಿವ್ ಎಣ್ಣೆಯಲ್ಲಿ. ಬ್ರೆಡ್ಡಿಗೆ ಹಚ್ಚಿ ಕೊಡುವ ಕಪ್ಪು ಆಲಿವ್ ಚಟ್ನಿ, ತಾಪನಾದ್, ನೋಡಲು ಸಸ್ಯಾಹಾರ. ಆದರೆ ಅದರಲ್ಲಿ ಆಂಚೊವಿ ಮೀನು ಅರೆದಿರುತ್ತಾರೆ. ಕೇಳದೆ ತಿನ್ನಬೇಡಿ. ಫೂಗಾಸ್ ಅನ್ನುವ ರೊಟ್ಟಿಯಲ್ಲಿ ಆಲಿವ್ ಹಾಕಿದ್ದೂ ಇರುತ್ತದೆ, ಹಂದಿಮಾಂಸದ ಚೂರು ಹಾಕಿದ್ದೂ ಇರುತ್ತದೆ. ‘ನಿ ವಿಯಾಂದ್, ನಿ ಪ್ವಾಸೋಂ’, ಮಾಂಸವೂ ಬೇಡ ಮೀನೂ ಬೇಡ, ಅಂತ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಬುಧವಾರ ಸಾಂ ರೆಮಿಯಲ್ಲಿ ಬೆಳಗಿನ ಸಂತೆ. ಅಂದು ಹೋದರೆ ಹಣ್ಣು, ಚೀಸ್, ರೊಟ್ಟಿ ಕಟ್ಟಿಸಿಕೊಳ್ಳಬಹುದು. ಮನೆಗೆ ಒಯ್ಯುವುದಾದರೆ ಬೋ ಕಣಿವೆಯ ಆಲಿವ್ ಎಣ್ಣೆ ಒಂದು ಬಾಟಲಿ ತನ್ನಿ. ಕಾಯಿಗಳನ್ನು ಕೆಲವು ದಿನ ಮಾಗಲು ಬಿಟ್ಟು ಗಾಣಕ್ಕೆ ಹಾಕಿದ ಬಗೆಯೊಂದಿದೆ. ಅದರ ರುಚಿ ಗಾಢ, ಕಹಿ ಕಡಿಮೆ. ಬಿಸಿ ಅನ್ನಕ್ಕೆ ಹಾಕಿ ಚಟ್ನಿಪುಡಿ ಕಲಸಿ ನೋಡಿ, ನನಗಂತೂ ಅದು ಸೇರುತ್ತದೆ.

ಸಂಜೆ ಹೊರಡುವಾಗ ಸಾಂ ರೆಮಿಯ ದೊಡ್ಡ ರಸ್ತೆಗೆ ತಿರುಗಬೇಡಿ. ಗಣಿಯನ್ನು ದಾಟಿ ಉತ್ತರಕ್ಕೆ ಗುಡ್ಡ ಏರುವ ಸಣ್ಣ ರಸ್ತೆ ಹಿಡಿಯಿರಿ. ಮೇಲೆ ಊರು ಎದುರಿಗೆ ಕಾಣುವ ಒಂದು ಜಾಗ ಇದೆ. ಕಾರು ನಿಲ್ಲಿಸಬಹುದು, ನಿಮ್ಮ ಮನೆಯವರೂ ಇಳಿದು ನಾಲ್ಕು ಹೆಜ್ಜೆ ಬಂದರೆ ಸಾಕು. ಆ ಹೊತ್ತಿಗೆ ಪಡುವಣ ಬಿಸಿಲು ಬಂಡೆಯ ಮೇಲೆ ಅಡ್ಡ ಬೀಳುತ್ತದೆ. ಬೆಳಿಗ್ಗೆ ನೀವೂ ಮಗನೂ ಹತ್ತಿದ ಬುರುಜು ಯಾವುದು, ನಿಮ್ಮ ಮನೆಯವರು ಕೂತಿದ್ದ ಸೇಂಟ್ ಬ್ಲೇಸ್ ಎಲ್ಲಿ, ಪಾರಿವಾಳದ ಗೂಡು ಯಾವ ಕಡೆ, ಮೂವರೂ ಬೆರಳು ತೋರಿಸಿ ಹುಡುಕಿ.